ಕಾಲು, ಅರ್ಧ, ಮುಕ್ಕಾಲು

ಬಿಳಿ ಕೋಟಿನ ಕೊನೆಯ ಗುಂಡಿ ಹಾಕಿಕೊಳ್ಳುವಾಗಲೂ ಅವಳ ಕಿವಿಯಲ್ಲಿ ನಿನ್ನೆ ಸಂಜೆಯ ಸದ್ದು ಉಳಿದಿತ್ತು. ಏಟಿನ ಸದ್ದಲ್ಲ. ಏಟು ಗೋಡೆಯಾಚೆಯಿಂದ ಹಾಸಿಗೆ ಕೊಡವಿದ ಹಾಗೆ ಕೇಳಿಸುತ್ತದೆ, ಬೇಕಾದವರು ಹಾಗೆಂದೇ ಅಂದುಕೊಳ್ಳಬಹುದು. ಉಳಿದದ್ದು ಅದಾದ ಮೇಲೆ ಅಕ್ಕ ಅಡುಗೆಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಸದ್ದು. ಪಕ್ಕದಲ್ಲಿ ಮಗು ಮಲಗಿದ್ದರೆ ಇಡುವ ಹಾಗೆ ಅಷ್ಟು ಮೆಲ್ಲಗೆ ಇಟ್ಟಿದ್ದಳು. ಆ ಮನೆಯಲ್ಲಿ ಮಗು ಇರಲಿಲ್ಲ. ಗೋಡೆಯ ಈಚೆ, ತನ್ನ ಕೋಣೆಯಲ್ಲಿ, ಅವಳು ದಿಂಬಿನ ಚೀಲಕ್ಕೆ ಅಂಚು ಹೊಲಿಯುತ್ತಾ ಕೂತಿದ್ದಳು. ಮೊದಲ ಏಟಿಗೆ ಸೂಜಿ ನಿಂತಿತ್ತು, ಆಚೆ ನಿಶ್ಶಬ್ದವಾದ ಮೇಲೆ ತಾನಾಗಿ ನಡೆಯತೊಡಗಿತ್ತು. ಬೆಳಿಗ್ಗೆ ಕಿಟಕಿಗೆ ಹಿಡಿದು ನೋಡಿದಾಗ ಸೂಜಿ ನಿಂತ ಜಾಗವೇ ಕಾಣಲಿಲ್ಲ, ಹೊಲಿಗೆ ಉದ್ದಕ್ಕೂ ಒಂದೇ ಸಮನಾಗಿತ್ತು. ಒಂದು ಹೊಲಿಗೆಯಾದರೂ ಸೊಟ್ಟಗೆ ಬೀಳಬಾರದಿತ್ತೇ?

ನಿನ್ನೆ ರಾತ್ರಿ ಸದ್ದೆಲ್ಲ ನಿಂತ ಮೇಲೆ ಭಾವ ಊಟಕ್ಕೆ ಕರೆದಿದ್ದ. "ಏ ಮೂಗಿ, ಬಾರೇ, ತಣ್ಣಗಾಗುತ್ತೆ." ಏಟು ಕೊಟ್ಟ ದಿನ ಅವನ ದನಿಯಲ್ಲಿ ಒಂದು ಬಗೆಯ ಅಕ್ಕರೆ ಇರುತ್ತಿತ್ತು, ಜ್ವರ ಬಿಟ್ಟವನ ಹಾಗೆ. ಅಕ್ಕ ಬಡಿಸುವ ಸೌಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತೋಳಿನ ಬಟ್ಟೆ ಮಣಿಕಟ್ಟಿನವರೆಗೆ ಇಳಿದಿತ್ತು. ಭಾವ ಎಂದೂ ಮುಖಕ್ಕೆ ಹೊಡೆಯುತ್ತಿರಲಿಲ್ಲ, ಬಟ್ಟೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಮಾತ್ರ. ಗೋಡೆಯಾಚೆ ತಾನು ಇರುವುದರಿಂದಲೇ ಇಷ್ಟು ಲೆಕ್ಕಾಚಾರ ಎಂದು ಅವಳು ಅಂದುಕೊಂಡಿದ್ದಳು. ತನ್ನ ಬಾಯಿಂದ ಒಂದು ಮಾತೂ ಹೊರಡದಿದ್ದರೂ ತಾನು ಅಲ್ಲಿದ್ದೇನೆ ಎನ್ನುವುದೇ ಅಕ್ಕನಿಗೆ ಅಷ್ಟಿಷ್ಟು ಕಾವಲು. ಈ ಒಂದು ನಂಬಿಕೆಯ ಮೇಲೆ ಅವಳು ಆ ಮನೆಯಲ್ಲಿ ಉಂಡು ಮಲಗುತ್ತಿದ್ದಳು. ಭಾವ ತುತ್ತು ಕಲಸುತ್ತಾ ಹೇಳಿದ್ದ, "ನಾಳೆ ಕುಲುಕಾಟದ ಪರೀಕ್ಷೆ ಸರಿಯಾಗಿ ಮುಗೀತು ಅಂದ್ರೆ ನನ್ನ ರಾಕೆಟ್ ಹಾರಿಸೋ ಮೈದಾನಕ್ಕೆ ಹಾಕ್ತಾರೆ. ಸಮುದ್ರದ ಪಕ್ಕ. ಮನೆ ಅವರೇ ಕೊಡ್ತಾರೆ. ನಾವಿಬ್ಬರು ಹೋಗ್ತೀವಿ, ನಿನಗೆ ಇಲ್ಲೇ ಹಾಸ್ಟೆಲ್ ನೋಡಿದೀನಿ." ಅಕ್ಕನ ಸೌಟು ಪಾತ್ರೆಯ ಅಂಚಿಗೆ ಒಂದು ಸಲ ತಾಗಿತ್ತು. ಆ ಮೈದಾನದ ಚಿತ್ರ ಅವಳು ನೋಡಿದ್ದಳು. ಮರಳಿನ ನಡುವೆ ದೂರ ದೂರ ಒಂದೊಂದು ಮನೆ, ಕೂಗಿದರೆ ಕೇಳದಷ್ಟು ದೂರ. ರಾಕೆಟ್ ಸಿಡಿದರೆ ಅಕ್ಕಪಕ್ಕದವರಿಗೆ ಅಪಾಯವಾಗಬಾರದು ಅಂತ ಹಾಗೆ ಕಟ್ಟಿದ್ದಾರಂತೆ. ಅಲ್ಲಿ ಗೋಡೆಯಾಚೆ ಯಾರೂ ಇರುವುದಿಲ್ಲ. ಅಲ್ಲಿ ಮುಖವೂ ಉಳಿಯುವುದಿಲ್ಲ.

ಕಂಪನಿಯ ಧೂಳಿಲ್ಲದ ಕೋಣೆಯಲ್ಲಿ ಅವಳ ಮೇಜು ಗಾಜಿನ ಗೋಡೆಗೆ ಒತ್ತಿಕೊಂಡಿತ್ತು. ಅವಳ ಕೆಲಸ ಉಪಗ್ರಹಗಳಿಗೆ ಅಂಗಿ ಹೊಲಿಯುವುದು. ಬಂಗಾರದ ಬಣ್ಣದ ತೆಳು ಹಾಳೆಗಳನ್ನು ಪದರ ಪದರವಾಗಿ ಪೇರಿಸಿ, ಬಿಸಿಲು ಹೊಡೆಯುವ ಬದಿಗೂ ಕತ್ತಲೆ ಬೀಳುವ ಬದಿಗೂ ಅಳತೆ ನೋಡಿ ಕತ್ತರಿಸಿ, ಕೈಯಲ್ಲೇ ಅಂಚು ಕೂಡಿಸುವುದು. ಸ್ಕೂಲು ಬಿಟ್ಟು ದರ್ಜಿ ಅಂಗಡಿಯಲ್ಲಿ ಗುಂಡಿ ಕಟ್ಟುತ್ತಿದ್ದವಳನ್ನು ಭಾವನೇ ಇಲ್ಲಿ ಸೇರಿಸಿದ್ದ. ಅದನ್ನು ಅವನು ಎಂದೂ ಎತ್ತಿ ಆಡಿದವನಲ್ಲ. ಆಡಿದ್ದರೆ ಚೆನ್ನಾಗಿತ್ತು ಅಂತ ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಪಕ್ಕದ ಮೇಜಿನಲ್ಲಿ ಅಂಟು ಹಚ್ಚುವ ಹೆಂಗಸು ಕೂರುತ್ತಿದ್ದಳು. ಅವಳನ್ನು ಎಲ್ಲರೂ ಗೋಂದಕ್ಕ ಎನ್ನುತ್ತಿದ್ದರು. ಗಾಜಿನಾಚೆಯ ಕೋಣೆಯಲ್ಲಿ ಕುಲುಕುವ ಮೇಜು. ರಾಕೆಟ್ ನೆಲ ಬಿಡುವಾಗ ಹೇಗೆ ಕುಲುಕುತ್ತದೋ ಹಾಗೆ ಉಪಗ್ರಹವನ್ನು ಇಲ್ಲೇ ಕುಲುಕಿ ನೋಡುವ ಯಂತ್ರ ಅದು. ಅದಕ್ಕೆ ಗೋಂದಕ್ಕ ಅತ್ತೆ ಅಂತ ಹೆಸರಿಟ್ಟಿದ್ದಳು. "ಹುಟ್ಟಿದ ಮನೇಲಿ ಎಷ್ಟು ಅಂದವಾಗಿದ್ರೂ ಆಯ್ತೇನೇ, ಅತ್ತೆ ಹತ್ರ ನಿಂತ್ರೆ ಗೊತ್ತಾಗೋದು" ಅನ್ನುತ್ತಿದ್ದಳು. ಅತ್ತೆಯನ್ನು ನಡೆಸುವವನು ಭಾವ.

ಈ ಸಲ ಮಾಡಿದ್ದು ಅವಳಿ ಉಪಗ್ರಹ. ಎರಡಕ್ಕೂ ಅದೇ ಎತ್ತರ, ಅದೇ ಅಂಗಿ, ಮುಂದಕ್ಕೆ ಚಾಚುವ ಅದೇ ಒಂದು ಕೈ. ದೊಡ್ಡವಳು, ಚಿಕ್ಕವಳು ಎಂದು ಕರೆಯುತ್ತಿದ್ದರು. ದೊಡ್ಡವಳು ಇರುವುದು ಒದೆ ತಿನ್ನುವುದಕ್ಕೆ. ರಾಕೆಟ್ ಕೊಡುವುದರ ಎರಡರಷ್ಟು ಕುಲುಕಿ ಎಲ್ಲಿ ಬಿರುಕು ಬಿಡುತ್ತದೆ ನೋಡುತ್ತಾರೆ, ಆಮೇಲೆ ಅವಳು ಮೂಲೆಯಲ್ಲಿ ನಿಲ್ಲುತ್ತಾಳೆ. ಚಿಕ್ಕವಳನ್ನು ಅದರ ಅರ್ಧದವರೆಗೆ ಮಾತ್ರ ಅಲುಗಿಸಿ ಮೇಲಕ್ಕೆ ಕಳಿಸುತ್ತಾರೆ. ಮೇಲೆ ಅವಳ ಕೆಲಸ ಗುಜರಿ ಹಿಡಿಯುವುದು. ಬೆಳಿಗ್ಗೆ ಕಂಪನಿಯ ಯಜಮಾನ ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದ್ದ. ಚಿಕ್ಕ ವಯಸ್ಸಿನವನು, ಯಾವುದಕ್ಕೂ "ಹಾರಿಸೋಣ" ಅನ್ನುತ್ತಿದ್ದ, ಅದೇ ಅವನ ಅಡ್ಡಹೆಸರಾಗಿತ್ತು. ಹಿಂದೆ ಬಸ್ಸಿನಷ್ಟು ದೊಡ್ಡ ಒಂದನ್ನು ಮಾಡುವುದಕ್ಕೆ ಒಂದು ತಲೆಮಾರು ಬೇಕಿತ್ತು, ಈಗ ಹಾಲಿನ ಕ್ಯಾನಿನಷ್ಟರದ್ದನ್ನು ಗೊಂಚಲು ಗೊಂಚಲಾಗಿ ಕಳಿಸುತ್ತಾರೆ. ಹೋದ ರಾಕೆಟ್ಟೇ ವಾಪಸ್ಸು ಬಂದು ಕಾಲೂರಿ ನಿಲ್ಲುತ್ತದೆ. ಇನ್ನು ಮುಂದೆ ಮೇಲೆಯೇ ಇಂಧನ ತುಂಬುತ್ತಾರೆ, ಮೇಲೆಯೇ ಕಾರ್ಖಾನೆ ಹಾಕುತ್ತಾರೆ. ಆದರೆ ದಾರಿ ತುಂಬ ಸತ್ತ ಉಪಗ್ರಹಗಳು, ಅಲ್ಲಿ ಬಣ್ಣದ ಒಂದು ಚಕ್ಕೆಯೂ ಬಂದೂಕಿನ ಗುಂಡಿಗಿಂತ ಜೋರಾಗಿ ಓಡುತ್ತದೆ. ಅದಕ್ಕೇ ನಮ್ಮವಳು ಹೋಗಿ ಸತ್ತದ್ದೊಂದನ್ನು ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆಯುತ್ತಾಳೆ, ಗಾಳಿ ಶುರುವಾಗುವ ಕಡೆ ಎರಡೂ ಸೇರಿ ಉರಿದುಹೋಗುತ್ತವೆ. "ಹಂಗಂದ್ರೆ ಸಹಗಮನ" ಎಂದು ಗೋಂದಕ್ಕ ಮೆಲ್ಲಗೆ ಅಂದಳು. ನಕ್ಕವರಲ್ಲಿ ಭಾವನೂ ಇದ್ದ. ಅವನ ನಗು ಎಲ್ಲರಿಗಿಂತ ತುಸು ತಡವಾಗಿ ಬಂತು.

ಅತ್ತೆಯ ಮೇಲೆ ಬೋಲ್ಟು ಬಿಗಿಸಿಕೊಂಡು ನಿಂತವಳನ್ನು ಅವಳು ಗಾಜಿನಿಂದ ನೋಡಿದಳು. ಕೊರಳಿಗೆ ಕಟ್ಟಿದ ಕೆಂಪು ಚೀಟಿಯಲ್ಲಿ ದೊಡ್ಡವಳ ಸಂಖ್ಯೆ ಇತ್ತು. ಭಾವ ಚೀಟಿ ಬಿಚ್ಚಿ ಪಕ್ಕಕ್ಕಿಟ್ಟ, ಕುಲುಕುವಾಗ ಅದು ಹಾರಾಡಬಾರದು. ಅಂಗಿಯ ಮೂಲೆಯ ಮಡಿಕೆ ಎಡಕ್ಕಿತ್ತು. ಅವಳು ಇನ್ನೊಮ್ಮೆ ನೋಡಿದಳು. ಎಡಕ್ಕೇ ಇತ್ತು. ದೊಡ್ಡವಳ ಮಡಿಕೆ ಬಲಕ್ಕೆ, ಚಿಕ್ಕವಳದು ಎಡಕ್ಕೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಎರಡನ್ನೂ ಒಂದು ಕೂದಲೂ ಬೇರೆಯಾಗದ ಹಾಗೆ ಹೊಲಿಯುವಾಗ ಅವಳಿಗೆ ಏನೋ ಸಂಕಟವಾಗಿತ್ತು, ಒಬ್ಬಳನ್ನು ಒದೆಗೆ ಕಳಿಸುವಾಗ ಅವಳು ಯಾರೆಂದಾದರೂ ತನಗೆ ಗೊತ್ತಿರಬೇಕು ಅನ್ನಿಸಿತ್ತು, ಅಷ್ಟೇ. ನಿನ್ನೆ ಒರೆಸುವುದಕ್ಕೆಂದು ಎರಡರ ಚೀಟಿಯನ್ನೂ ಬಿಚ್ಚಿ ಮತ್ತೆ ಕಟ್ಟಿದವನು ಭಾವನೇ. ಕಟ್ಟುವಾಗ ಅದಲುಬದಲಾಗಿದೆ. ಹಾರಬೇಕಾದವಳು ಒದೆಯ ಮೇಜಿನ ಮೇಲೆ ನಿಂತಿದ್ದಾಳೆ.

ಗಾಜಿನ ಗೋಡೆಯಲ್ಲಿ ಅವಳ ಕೈಗೆಟಕುವ ಎತ್ತರದಲ್ಲಿ ಮಾತಾಡುವ ಗುಂಡಿ ಇತ್ತು. ಒತ್ತಿ ಹೇಳಿದರೆ ಆಚೆ ಕೇಳುತ್ತದೆ. ಸೇರಿದ ಮೇಲೆ ಅವಳು ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಮೊದಲಿಗೆ ಅವಳು ಸುಮ್ಮನಿದ್ದದ್ದು ಯಾವಾಗಲೂ ಇರುವ ಹಾಗೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಇನ್ನೇನು ಹೇಳುತ್ತೇನೆ, ಇನ್ನೇನು, ಅಂತ ಎದೆ ಹೊಡೆದುಕೊಳ್ಳುತ್ತಾ. ಸ್ಪೀಕರಿನಲ್ಲಿ ಭಾವನ ದನಿ ಬಂತು, "ಕಾಲು." ಅತ್ತೆ ಗುಯ್‌ಗುಟ್ಟಿತು. ಬಂಗಾರದ ಅಂಗಿ ನೀರಿನ ಮೇಲಿನ ಬಿಸಿಲಿನಂತೆ ನಡುಗಿತು. ನಿಂತಿತು. "ತಡೀತು," ಅಂದ ಭಾವ. ಅದು ಅಲ್ಲಿಯ ಪದ್ಧತಿ, ಪ್ರತಿ ಹಂತಕ್ಕೂ ಹಾಗೆ ಗಟ್ಟಿಯಾಗಿ ಅನ್ನಬೇಕು. ಅಕ್ಕನ ಮದುವೆಯಾದ ಹೊಸದರಲ್ಲಿ ಒಂದು ದಿನ ಅವಳು ಹೇಳದೆ ಕೇಳದೆ ಒಳಗೆ ಹೋದಾಗ ಅಕ್ಕ ಸ್ನಾನದ ಮನೆಯ ಹೊಸಿಲಲ್ಲಿ ಕೂತಿದ್ದಳು, ಭಾವ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದ. ಅವನು ಜಡೆ ಬಿಡದೆಯೇ ತಿರುಗಿ, "ನಿಮ್ಮಕ್ಕ ಜಾರಿ ಬಿದ್ಲು ಕಣೇ" ಅಂದ. ಅವಳು "ಹೂಂ" ಅಂದಿದ್ದಳು. ಇಷ್ಟು ವರ್ಷದಲ್ಲಿ ಆ ವಿಷಯಕ್ಕೆ ಅವಳು ಆಡಿದ ಮಾತು ಅದೊಂದೇ. "ಅರ್ಧ," ಎಂದಿತು ಸ್ಪೀಕರ್. ಈ ಸಲ ನೆಲವೂ ಅದುರಿ ಅವಳ ಸೂಜಿಗಳ ಡಬ್ಬಿ ಮೇಜಿನ ಮೇಲೆ ಗಿಲಿಗಿಲಿ ಅಂದಿತು. "ತಡೀತು."

ಇಲ್ಲಿಯವರೆಗೆ ಏನೂ ಕೆಟ್ಟಿಲ್ಲ. ಅರ್ಧವನ್ನು ಚಿಕ್ಕವಳೂ ತಡೆಯಬೇಕಾದ್ದೇ. ಈಗ ಹೇಳಿದರೆ ಬೋಲ್ಟು ಸಡಿಲಿಸಿ, ಚಿಕ್ಕವಳನ್ನಿಳಿಸಿ ದೊಡ್ಡವಳನ್ನು ಹತ್ತಿಸುತ್ತಾರೆ, ಪರೀಕ್ಷೆ ಮುಗಿಯುತ್ತದೆ, ಭಾವ ಸಮುದ್ರದ ಪಕ್ಕದ ಮನೆಗೆ ಹೋಗುತ್ತಾನೆ, ಅಕ್ಕ ಅವನ ಹಿಂದೆ. ಹೇಳದಿದ್ದರೆ? ಹಾರಬೇಕಾದವಳು ಮುರಿದರೆ ಮುರಿದವನನ್ನು ಯಾರು ಎಲ್ಲಿಗೆ ಕಳಿಸುತ್ತಾರೆ? ಈ ಯೋಚನೆ ಬಂದ ಕ್ಷಣ ಅವಳ ನಾಲಿಗೆ ಸಡಿಲವಾಯಿತು, ಎದೆ ಹೊಡೆದುಕೊಳ್ಳುವುದು ನಿಂತಿತು. ಬಾಯಿ ತೆರೆದರೆ ಮಾತು ಖಂಡಿತ ಬರುತ್ತದೆ ಅಂತ ಅವಳಿಗೆ ಗೊತ್ತಾಯಿತು. ಅವಳು ತೆರೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ಬೇಕೆಂದೇ ಸುಮ್ಮನಿದ್ದಳು, ಅದು ಹೊಟ್ಟೆಯಲ್ಲಿ ಬೆಚ್ಚಗೆ, ಹಿತವಾಗಿ ಹರಡಿತು. "ಯಾಕೇ, ಹಂಗೆ ಕಣ್ಣು ಬಿಟ್ಕೊಂಡು ನೋಡ್ತೀಯ," ಎಂದಳು ಗೋಂದಕ್ಕ, "ನಿನ್ನ ಮಗಳಾ ಅವಳು?" ಗಾಜಿನಾಚೆ ಭಾವ ತಲೆಯೆತ್ತಿ ಇವಳತ್ತ ಒಮ್ಮೆ ನೋಡಿದ. ಅಂಗಿ ಸರಿಯಾಗಿ ಕೂತಿದೆಯಾ ಅಂತ ಕೇಳುವ ಹಾಗೆ ಹುಬ್ಬೆತ್ತಿದ. ಅವಳು ತಲೆಯಾಡಿಸಿದಳು. ಸರಿಯಾಗಿದೆ ಅಂತ ತಲೆಯಾಡಿಸಿದಳು. "ಮುಕ್ಕಾಲು."

ಮೊದಲು ಅಂಗಿಯ ಒಂದು ಅಂಚು ಸೀಳಿತು. ಅವಳ ಹೊಲಿಗೆ ಬಿಡಲಿಲ್ಲ, ಹೊಲಿಗೆಯ ಪಕ್ಕದ ಹಾಳೆ ಹರಿಯಿತು. "ತಡೀತು" ಅಂದ ಭಾವ, ತುಸು ಅನುಮಾನದಲ್ಲಿ. "ಪೂರ್ತಿ." ಅತ್ತೆ ಊಳಿಟ್ಟಿತು. ಹಲ್ಲಿನ ಬುಡದಲ್ಲಿ, ಮೂಳೆಯ ಒಳಗೆ ಆ ಊಳು ಹೊಕ್ಕು ಕೂತಿತು. ಬಂಗಾರದ ಮೈ ಎಲ್ಲಿ ಮುಗಿಯುತ್ತದೆ ಎಲ್ಲಿ ಶುರುವಾಗುತ್ತದೆ ತಿಳಿಯದಷ್ಟು ಮಸುಕಾಯಿತು, ನೂರು ಜನ ಒಬ್ಬಳನ್ನು ಹಿಡಿದು ನೂರು ಕಡೆಗೆ ಎಳೆದ ಹಾಗೆ. ಲಟಕ್ಕೆಂದು ಒಂದು ಸದ್ದು. ಚಾಚಿದ್ದ ಕೈ ಬುಡದಿಂದ ಕಿತ್ತು ಹಾರಿ ಗಾಜಿಗೆ, ಸರಿಯಾಗಿ ಅವಳ ಮುಖದೆದುರಿಗೆ, ಬಡಿಯಿತು. ಗಾಜು ಒಡೆಯಲಿಲ್ಲ. ಜೇಡರ ಬಲೆಯಂತೆ ಸೀಳು ಹರಡಿ ಅದರ ಹಿಂದೆ ಭಾವನ ಮುಖ ಹತ್ತು ಚೂರಾಗಿ ಕಂಡಿತು. ಅವಳ ಹೊಟ್ಟೆಯ ಬೆಚ್ಚನೆಯದು ಇನ್ನೂ ಹಾಗೇ ಇತ್ತು.

ಮುರಿದ ಮೈಯೊಳಗೆ ಕೊರೆದಿದ್ದ ಚಿಕ್ಕವಳ ಸಂಖ್ಯೆ ಓದಿದ ಇಂಜಿನಿಯರ್ ಹುಡುಗಿ ಬಿಳುಚಿಕೊಂಡಳು. ಯಜಮಾನ ಓಡಿ ಬಂದ. ಈಗ ಭಾವನಿಗೆ ಮೈದಾನ ತಪ್ಪುತ್ತದೆ ಅಂತ ಅವಳು ಕಾದಳು. ಯಜಮಾನ ಮುರಿದ ಕೈಯನ್ನೆತ್ತಿ, ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟ. "ನೋಡಿ, ಎಲ್ಲಿ ಮುರಿಯುತ್ತೆ ಅಂತ ಗೊತ್ತಾಯ್ತಲ್ಲ. ನಮ್ಮಪ್ಪನ ಕಾಲದಲ್ಲಾಗಿದ್ರೆ ವಿಚಾರಣೆ, ಸಮಿತಿ, ಅಳು. ಈಗ ಯಾರು ಅಳ್ತಾರೆ? ದೊಡ್ಡವಳ ಮೈಗೆ ಇನ್ನೂ ಏಟು ಬಿದ್ದಿಲ್ಲ, ಅವಳ ಕೈಯ ಬುಡ ಗಟ್ಟಿ ಮಾಡಿ, ಅವಳನ್ನೇ ಹಾರಿಸೋಣ." ಭಾವನ ಬೆನ್ನು ತಟ್ಟಿದ. "ನಿಮಗೆ ಮಾತ್ರ ಚೀಟಿ ಕಟ್ಟೋದು ನರ್ಸರಿ ಮಕ್ಕಳ ಹತ್ರ ಹೇಳಿಕೊಡಿಸ್ಬೇಕು. ಮೈದಾನದಲ್ಲಿ ಹಿಂಗೆ ಮಾಡ್ಬಿಟ್ಟೀರ, ಅಲ್ಲಿ ನಿಜವಾದ ಬೆಂಕಿ ಇರುತ್ತೆ. ಮುಂದಿನ ವಾರ ಹೊರಡೋಕೆ ಮೊದಲು ಕಲ್ತುಕೊಳ್ಳಿ." ಎಲ್ಲರೂ ನಕ್ಕರು. ಗೋಂದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವನೂ ನಕ್ಕ. ಅವನ ಕಿವಿಯ ಹಿಂದಿನ ಚರ್ಮ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದನ್ನು ಅವಳೊಬ್ಬಳೇ ನೋಡಿದಳು. ಮುಂದಿನ ವಾರ. ಅಂದರೆ ಏನೂ ತಪ್ಪಲಿಲ್ಲ. ಒಬ್ಬಳನ್ನು ಮುರಿಸಿ, ಅವನನ್ನು ಹತ್ತು ಜನರೆದುರು ನಗೆಪಾಟಲು ಮಾಡಿ, ಈ ಸಂಜೆ ಅವನ ಕೈಗೆ ಅಕ್ಕನನ್ನು ಕೊಟ್ಟಂತಾಯಿತು. ಎಲ್ಲರೂ ಚದುರಿದ ಮೇಲೆ ಭಾವ ಬಗ್ಗಿ ಹರಿದ ಅಂಗಿಯ ಎಡಕ್ಕಿದ್ದ ಮಡಿಕೆಯನ್ನು ಹೆಬ್ಬೆರಳಲ್ಲಿ ಸವರಿದ. ಎದ್ದು ಹೋಗಿ ಮೂಲೆಯಲ್ಲಿ ನಿಂತಿದ್ದ ದೊಡ್ಡವಳ ಬಲಕ್ಕಿದ್ದ ಮಡಿಕೆಯನ್ನೂ ಸವರಿದ. ಆಮೇಲೆ ಸೀಳುಬಿಟ್ಟ ಗಾಜಿನ ಮೂಲಕ ಅವಳನ್ನು ಬಹಳ ಹೊತ್ತು ನೋಡಿದ.

ಸಂಜೆ ಅವನು ಸ್ಕೂಟರಿನಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟ. ಎಂದಿಗಿಂತ ನಿಧಾನವಾಗಿ ಓಡಿಸಿದ, ದಾಟುವವರಿಗೆಲ್ಲ ನಿಂತು ದಾರಿ ಬಿಟ್ಟ. ಪೆಟ್ರೋಲ್ ಬಂಕಿನಲ್ಲಿ ಹೆಲ್ಮೆಟ್ಟನ್ನು ಅವಳ ಕೈಗೆ ಕೊಟ್ಟು, "ಹಿಡ್ಕೊಳ್ಳಮ್ಮ" ಅಂದ. ಅವಳು ಹಿಡಿದುಕೊಂಡಳು. ಅದು ಒಳಗೆ ಅವನ ಬೆವರಿನಿಂದ ಬೆಚ್ಚಗಿತ್ತು. ಇಳಿದು ಓಡಿಬಿಡಬಹುದಿತ್ತು, ಅಕ್ಕನಿಗೆ ಫೋನು ಮಾಡಿ ಬಾಗಿಲು ಹಾಕಿಕೋ ಅನ್ನಬಹುದಿತ್ತು. ಅವಳು ಹೆಲ್ಮೆಟ್ಟಿನ ಪಟ್ಟಿಯ ಬಿಚ್ಚಿದ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಅಕ್ಕ ಮೇಜಿನ ಮೇಲೆ ಊಟಕ್ಕೆ ಜೋಡಿಸುತ್ತಿದ್ದಳು. ಭಾವ ಚಿಲಕ ಹಾಕಿದ. ಕೈಕಾಲು ತೊಳೆದು, ಟವೆಲಿನಲ್ಲಿ ಬೆರಳುಗಳ ಸಂದು ಸಂದು ಒರೆಸಿಕೊಂಡು, ಕುರ್ಚಿ ಎಳೆದು ಕೂತ.

"ನಿನ್ನ ತಂಗಿ ಇವತ್ತು ಒಂದು ಕೆಲಸ ಮಾಡಿದಾಳೆ," ಅಂದ. "ಮೇಜಿನ ಮೇಲೆ ತಪ್ಪು ಇತ್ತು. ಇವಳಿಗೆ ಗೊತ್ತಿತ್ತು. ನಾನು ಕೇಳಿದೆ, ಸರಿ ಇದೆ ಅಂತ ತಲೆಯಾಡಿಸಿದ್ಲು. ಮುರಿಯೋವರೆಗೂ ನೋಡ್ತಾ ನಿಂತಿದ್ಲು."

ಅಕ್ಕ ಅವಳ ಕಡೆ ತಿರುಗಿದಳು. "ಹೌದೇನೇ?"



"ಹುಡುಗಿ ತಪ್ಪು ಮಾಡಿದ್ರೆ ತಿದ್ದೋರು ಯಾರು? ದೊಡ್ಡೋರು," ಅಂದ ಭಾವ. "ನಾನು ಕೈ ಮಾಡಿದ್ರೆ ಚೆನ್ನಾಗಿರಲ್ಲ, ಪರರ ಮನೆ ಹುಡುಗಿ. ನೀನೇ ತಿದ್ದು."

"ಬೇಡಾರೀ. ಊಟ ಮಾಡಿ ಮೊದಲು."

"ತಿದ್ದು ಅಂದೆ." ಅವನ ದನಿ ಏರಲಿಲ್ಲ. ಸ್ಪೀಕರಿನಲ್ಲಿ ಬರುವ ದನಿಯೇ ಅದು. "ಕಾಲು."

ಅಕ್ಕನಿಗೆ ಆ ಮಾತು ಅರ್ಥವಾಯಿತೋ ಇಲ್ಲವೋ, ಬಂದು ಅವಳ ಕೆನ್ನೆಗೆ ಅಂಗೈ ತಾಗಿಸಿದಳು. "ತಡೀತು," ಅಂದ ಭಾವ. "ಅರ್ಧ." ಈ ಸಲದ ಏಟಿಗೆ ಅವಳ ತಲೆ ಪಕ್ಕಕ್ಕೆ ಹೊರಳಿತು. ಕಿವಿಯಲ್ಲಿ ಸಣ್ಣ ಗಂಟೆ ಬಡಿಯಿತು. ನೋವಿಗಿಂತ ಮೊದಲು ಬಂದದ್ದು ಅಚ್ಚರಿ, ಗೋಡೆಯಾಚೆಯ ಸದ್ದಿಗೂ ಇದಕ್ಕೂ ಸಂಬಂಧವೇ ಇಲ್ಲ, ಒಳಗಿನಿಂದ ಕೇಳಿದರೆ ಇದು ಹಾಸಿಗೆ ಕೊಡವಿದ ಹಾಗೆ ಇಲ್ಲವೇ ಇಲ್ಲ. ಕಣ್ಣು ತೆರೆದಾಗ ಅಕ್ಕನ ಮುಖ ಬಹಳ ಹತ್ತಿರವಿತ್ತು. ಅಕ್ಕ ನಟಿಸುತ್ತಿದ್ದಾಳೆ ಅಂತ ಅವಳು ನಂಬಿದ್ದಳು. ಅಕ್ಕ ನಟಿಸುತ್ತಿರಲಿಲ್ಲ. "ಅಲ್ಲೂ ನೋಡ್ತಾ ನಿಂತಿದ್ದೆಯೇನೇ?" ಎಂದು ಅಕ್ಕ ಅವಳಿಗಷ್ಟೇ ಕೇಳುವ ಹಾಗೆ ಕೇಳಿದಳು. "ಅಲ್ಲೂನಾ?" ಅವಳು ಏನೋ ಹೇಳಹೋದಳು. ನಿನಗೋಸ್ಕರ ಅಕ್ಕ, ನೀನು ಅಲ್ಲಿಗೆ ಹೋಗಬಾರದು ಅಂತ. "ಮುಕ್ಕಾಲು," ಎಂದಿತು ಕುರ್ಚಿಯಿಂದ ಆ ದನಿ. ಆ ಏಟನ್ನು ಅಕ್ಕ ಕೊಡು ಅನ್ನಿಸಿಕೊಂಡು ಕೊಡಲಿಲ್ಲ, ಅವನ ಮಾತು ಮುಗಿಯುವ ಮೊದಲೇ ಕೈ ಬೀಸಿಯಾಗಿತ್ತು. ಅವಳ ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಗೋಡೆಗೆ ತಲೆ ತಾಗಿ, ಕಾಲು ಮಡಿಚಿ ಕೂತಳು. ಬಾಯಿ ತುಂಬ ಉಪ್ಪುಪ್ಪು. ಇದು ನನಗೆ ಬರಬೇಕಾದ್ದೇ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ತಡೀತು," ಅಂದ ಭಾವ. ಅವನು ನಗುತ್ತಿದ್ದ. "ಪರವಾಗಿಲ್ಲ ಕಣೇ, ಗಟ್ಟಿ ಇದಾಳೆ. ಪೂರ್ತಿ."

ಅಕ್ಕ ತನ್ನ ಅಂಗೈಯನ್ನು ನೋಡಿಕೊಂಡಳು. ಅದು ಕೆಂಪಗಾಗಿತ್ತು. ಬೆರಳುಗಳನ್ನು ಮಡಿಚಿದಳು, ಬಿಡಿಸಿದಳು. ಹೊಸ ಚಪ್ಪಲಿ ಹಾಕಿಕೊಂಡು ನೋಡುವವರ ಮುಖದಲ್ಲಿರುವಂಥದ್ದು ಏನೋ ಅವಳ ಮುಖದಲ್ಲಿತ್ತು. ಆಮೇಲೆ ಮೇಜಿನ ಮೇಲಿದ್ದ, ನೀರು ತುಂಬಿದ ಸ್ಟೀಲಿನ ಜಗ್ಗನ್ನು ಎತ್ತಿಕೊಂಡು ತಿರುಗಿ ಭಾವನ ಕಿವಿಯ ಮೇಲೆ ಬೀಸಿದಳು. ಕುರ್ಚಿ ಸಮೇತ ಅವನು ಉರುಳಿದ. ನೀರು ಗೋಡೆಯವರೆಗೂ ಚಿಮ್ಮಿತು. ಅವನು "ಏನೇ ಇದು" ಅಂದ, ನಿಜವಾಗಿಯೂ ಕೇಳುವವನ ಹಾಗೆ. ಅಕ್ಕ ಉತ್ತರ ಕೊಡಲಿಲ್ಲ. ಅವನ ಹೆಗಲಿಗೆ ಹೊಡೆದಳು, ಅಡ್ಡ ತಂದ ಕೈಗೆ ಹೊಡೆದಳು, ಹಸಿ ಕಡ್ಡಿ ಮುರಿದಂತೆ ಒಂದು ಬೆರಳು ಸದ್ದು ಮಾಡಿತು, ಆ ಕೈ ಕೆಳಗಿಳಿದ ಮೇಲೆ ಮುಖಕ್ಕೆ ಹೊಡೆದಳು. ಅವಳಿಗೆ ಬಟ್ಟೆಯ ಲೆಕ್ಕಾಚಾರ ಇರಲಿಲ್ಲ. ಬಾಯಲ್ಲಿ ಬೈಗುಳವಿಲ್ಲ, ಅಳುವಿಲ್ಲ, ಒಂದೊಂದು ಏಟಿಗೂ ಮೂಗಿನಿಂದ ಉಸಿರು ಬಿಡುವ ಸದ್ದು ಮಾತ್ರ, ಭಾರದ ಬಟ್ಟೆ ಒಗೆಯುವವರ ಹಾಗೆ. ಭಾವನ ಹುಬ್ಬು ಬಿರಿದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ಇನ್ನೊಂದು ಕಣ್ಣಿನಿಂದ ಅವನು ಗೋಡೆಯ ಬುಡದಲ್ಲಿ ಕೂತಿದ್ದವಳನ್ನು ಹುಡುಕಿದ. "ಹೇಳಮ್ಮಾ," ಅಂದ, "ಅವಳಿಗೆ ಹೇಳೇ, ನೀನು ಹೇಳಿದ್ರೆ ಕೇಳ್ತಾಳೆ." ಜಗ್ಗು ಮತ್ತೆ ಮೇಲೆ ಹೋಯಿತು. ಇನ್ನೊಂದು ಬಿದ್ದರೆ ಸಾಯುತ್ತಾನೆ ಅಂತ ಅವಳಿಗೆ ಗೊತ್ತಾಯಿತು.

"ಸಾಕು, ಅಕ್ಕ."

ಆ ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಬೇರೆ ಯಾರೋ ಬಂದು ಮಾತಾಡಿದರೇನೋ ಅಂತ ಅವಳೇ ಬಾಗಿಲ ಕಡೆ ನೋಡಿದಳು. ಎಷ್ಟು ಸುಲಭವಾಗಿ ಬಂದಿತ್ತು. ನಾಲಿಗೆ ಅಂಟಿಕೊಳ್ಳಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ.

ಅಕ್ಕನ ಕೈ ಮೇಲೆಯೇ ನಿಂತಿತು. ಅವಳು ನಿಧಾನವಾಗಿ ತಂಗಿಯತ್ತ ತಿರುಗಿದಳು. ಸಿಟ್ಟು ಇಳಿದುಹೋಗಿತ್ತು. ಕೂದಲು ಹಣೆಗೆ ಅಂಟಿತ್ತು, ನಜ್ಜಿದ ಜಗ್ಗಿನಿಂದ ಮೊಣಕೈಯುದ್ದಕ್ಕೂ ನೀರು ಇಳಿಯುತ್ತಿತ್ತು.

"ಬಾಯಿ ಬಂತಾ ನಿನಗೆ," ಎಂದಳು. "ಇವನಿಗೋಸ್ಕರ ಬಂತಾ?"

ಭಾವ ನೆಲದ ಮೇಲೆ ಗೊರಗೊರ ಉಸಿರಾಡುತ್ತಿದ್ದ. ಅಕ್ಕ ಜಗ್ಗನ್ನು ಕೆಳಗಿಡಲಿಲ್ಲ. ತಂಗಿಯ ಬಾಯನ್ನೇ ನೋಡುತ್ತಾ, ಉತ್ತರಕ್ಕಾಗಿ ನಿಂತಿದ್ದಳು.